ಕುದುರೆ ಏರುವ ಮುನ್ನ ಗುಡ್ಡ ಹತ್ತಿ

ಕ್ರಿ.ಶ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಮುಂಜಾವಿನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕತ್ತಲಿರುವಾಗಲೇ ಏಳುವ ರಾಯ ಎಳ್ಳೆಣ್ಣೆ ಕುಡಿಯುತ್ತಾನೆ, ಅದೇ ಎಣ್ಣೆಯನ್ನು ಮೈಗೆಲ್ಲ ಬಳಿದುಕೊಳ್ಳುತ್ತಾನೆ. ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿಕೊಂಡು ಮಣ್ಣಿನಿಂದ ಮಾಡಿದ ದೊಡ್ಡ ದೊಡ್ಡ ತೂಕಗಳನ್ನು ಎತ್ತುತ್ತಾನೆ. ಆಮೇಲೆ ಕತ್ತಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಬೀಸುತ್ತಾನೆ. ಅದು ಮುಗಿದರೆ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆ ಏರಿ ಬಯಲಿನಲ್ಲಿ ಅತ್ತಿಂದಿತ್ತ ಓಡಿಸುತ್ತಾನೆ. ಇಷ್ಟೆಲ್ಲ ಬೆಳಕು ಹರಿಯುವುದರೊಳಗೆ ಮುಗಿದು, ಬಳಿಕವೇ ಸ್ನಾನ.

ಅದೇ ಪಾಯೆಸ್ ರಾಯನ ಮೈಕಟ್ಟನ್ನೂ ಬಣ್ಣಿಸಿದ್ದಾನೆ. ಎತ್ತರ ಮಧ್ಯಮ, ಮುಖದ ಮೇಲೆ ಸಿಡುಬಿನ ಕಲೆಗಳು, ಮೈ ಸಣಕಲಲ್ಲ, ತುಸು ದಪ್ಪವೇ. ಇಂದಿನ ಜಿಮ್ ಜಾಹೀರಾತುಗಳಲ್ಲಿ ಕಾಣುವ ಮೈಗೂ ಇದಕ್ಕೂ ಹೋಲಿಕೆಯಿಲ್ಲ. ಆದರೆ ಭಾರ ಎತ್ತುವುದು, ಕತ್ತಿ ಬೀಸುವುದು, ಪಟ್ಟು ಹಾಕುವುದು, ಕುದುರೆ ಓಡಿಸುವುದು ಈ ನಾಲ್ಕನ್ನೂ ದಿನದಿನವೂ ತಾಳಿಕೊಳ್ಳುತ್ತಿದ್ದ ಮೈ ಅದು.

ಇವತ್ತು ಕುದುರೆ ಸವಾರಿ ಕಲಿಯಬೇಕು, ಕರಾಟೆಯೋ ಜೂಡೊವೋ ಕುಸ್ತಿಯೋ ಕೈಗೂಡಬೇಕು, ಜೊತೆಗೆ ಮೈಯೂ ಗಟ್ಟಿಯಾಗಬೇಕು ಎಂದು ಹೊರಡುವ ಹುಡುಗ ಹುಡುಗಿಯರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರು ಎಡವುವುದು ಮೂರನ್ನೂ ಮೂರು ಬೇರೆ ಗುರಿಗಳೆಂದು ತಿಳಿದಾಗ. ಗುರುಗಳು ಮೂವರಿರಬಹುದು, ದಣಿಯುವ ಮೈ ಒಂದೇ. ಮೂರಕ್ಕೂ ಅಡಿಪಾಯ ಒಂದೇ ಎಂದು ತಿಳಿದು ಹೊರಟವರಿಗೆ ದಾರಿ ಸಲೀಸು. ಆ ಅಡಿಪಾಯ ಹಾಕಲು ಅರಮನೆಯೂ ಬೇಡ, ಲಾಯವೂ ಬೇಡ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಸೀಮೆಯವರಿಗಂತೂ ಅದಕ್ಕೆ ಬೇಕಾದ ಜಾಗ ಕಣ್ಣೆದುರೇ ಇದೆ: ಜಟಿಂಗ ರಾಮೇಶ್ವರ ಬೆಟ್ಟ.

ಗುಡ್ಡದ ಮೇಲಿನ ಬರಹ

ಸಮುದ್ರಮಟ್ಟದಿಂದ 3,469 ಅಡಿ ಎತ್ತರದ ಈ ಬೆಟ್ಟ ರಾಮಾಯಣದ ನೆನಪು ಹೊತ್ತ ಜಾಗ. ಸೀತೆಯನ್ನು ಒಯ್ಯುತ್ತಿದ್ದ ರಾವಣನನ್ನು ತಡೆದ ಮುದಿ ಜಟಾಯು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಇಲ್ಲೇ ಎಂಬುದು ಸುತ್ತಲ ಹಳ್ಳಿಗಳ ನಂಬಿಕೆ. ಬೆಟ್ಟದ ಮೇಲೆ ಮೊದಲಿದ್ದ ಇಟ್ಟಿಗೆಯ ಗುಡಿಯ ಜಾಗದಲ್ಲಿ ಕ್ರಿ.ಶ. 962ರಲ್ಲಿ ಕಲ್ಲಿನ ಗುಡಿ ಎದ್ದಿತು. ಆ ಗುಡಿಗೆ ಹತ್ತುವ ಮೆಟ್ಟಿಲುಗಳ ಎದುರಿನ ಇಳಿಜಾರು ಬಂಡೆಯ ಮೇಲೆ ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಅಶೋಕನ ಶಾಸನವಿದೆ. ಜಾತ್ರೆಗೆ ಬರುವ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಅಲ್ಲಿನ ಹೆಬ್ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಈ ಶಾಸನವನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳನ್ನೂ ಲೋಕಕ್ಕೆ ತೋರಿಸಿದರು. ಜನರ ಓಡಾಟಕ್ಕೆ ಇಲ್ಲಿನ ಅಕ್ಷರಗಳು ಬಹಳ ಸವೆದಿವೆ. ಉಳಿದೆರಡು ಕಡೆಯ ಪ್ರತಿಗಳಿಂದ ಪಾಠ ತಿಳಿಯುತ್ತದೆ.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಅದರಲ್ಲಿ ಅಶೋಕ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ. ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ. ಸಂಘದ ಒಡನಾಟ ಸಿಕ್ಕ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಶ್ರಮಪಟ್ಟೆ. ಆ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನ ಮಾಡಿದರೆ ಸಣ್ಣವರಿಗೂ ದಕ್ಕುತ್ತದೆ, ಆದ್ದರಿಂದ ಸಣ್ಣವರೂ ದೊಡ್ಡವರೂ ಶ್ರಮಿಸಲಿ ಎಂಬುದು ಶಾಸನದ ಸಾರ.

ಅಶೋಕ ಹೇಳಿದ್ದು ಧರ್ಮದ ವಿಷಯ, ಅಂಗಸಾಧನೆಯ ವಿಷಯವಲ್ಲ. ಆದರೂ ಸಾಧನೆಯ ನಡೆ ಎಲ್ಲ ಕಡೆಯೂ ಹೀಗೇ ಇರುತ್ತದೆ. ಸೇರಿದ ಮೊದಲ ವರ್ಷ ಕಾಲು ಎಳೆಯುವುದು ಚಕ್ರವರ್ತಿಗೂ ತಪ್ಪಲಿಲ್ಲ. ಒಳ್ಳೆಯ ಸಂಗ ಸಿಕ್ಕಾಗ ಅವನ ಪ್ರಯತ್ನಕ್ಕೆ ವೇಗ ಬಂತು. ಗರಡಿಯ ಉಸ್ತಾದರು ಒಂಟಿಯಾಗಿ ಸಾಮು ಮಾಡುವವನಿಗಿಂತ ಜೋಡಿಯಿರುವವನ ಮೇಲೆ ಹೆಚ್ಚು ಭರವಸೆ ಇಡುವುದು ಇದೇ ಕಾರಣಕ್ಕೆ.

ಬಸ್ಕಿಯಿಂದ ಜೀನಿಗೆ

ಕುದುರೆಯ ಮೇಲೆ ಕೂತವನಿಗೆ ಏನು ಶ್ರಮ, ಓಡುವುದು ಕುದುರೆ ತಾನೆ ಎಂಬ ಮಾತು ಜೀನಿನ ಮೇಲೆ ಹತ್ತು ನಿಮಿಷ ಕಳೆದವರ ಬಾಯಲ್ಲಿ ಬರುವುದಿಲ್ಲ. ಟ್ರಾಟ್ ಎಂಬ ಎರಡು ತಾಳದ ಓಟದಲ್ಲಿ ಕುದುರೆಯ ಬೆನ್ನು ಪುಟಿಯುತ್ತಿರುತ್ತದೆ. ಆ ಪುಟಿತಕ್ಕೆ ಹೊಂದಿಕೊಂಡು ಸವಾರ ಒಂದು ತಾಳಕ್ಕೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಹತ್ತು ನಿಮಿಷದಲ್ಲಿ ಅದು ನೂರಾರು ಅರ್ಧ ಬಸ್ಕಿಗಳಿಗೆ ಸಮ. ಅಷ್ಟೂ ಹೊತ್ತು ಹಿಮ್ಮಡಿ ಕೆಳಗಿಳಿದಿರಬೇಕು, ತೊಡೆಯ ಒಳಭಾಗ ಜೀನಿಗೆ ಹತ್ತಿರವಿರಬೇಕು, ನಡು ನೆಟ್ಟಗಿರಬೇಕು, ಲಗಾಮು ಹಿಡಿದ ಕೈ ಮಾತ್ರ ಮೃದುವಾಗಿರಬೇಕು. ನಡುವಿನಲ್ಲಿ ಬಲವಿಲ್ಲದವನು ತೂಗಾಡುತ್ತಾ ಲಗಾಮಿಗೆ ಜೋತು ಬೀಳುತ್ತಾನೆ. ಅದರ ನೋವು ಕುದುರೆಯ ಬಾಯಿಗೆ.

ಗರಡಿಯ ಬಸ್ಕಿ ತೊಡೆಗೆ ಬಲ ತರುತ್ತದೆ, ದಂಡ ಭುಜ ಮತ್ತು ನಡುವನ್ನು ಗಟ್ಟಿ ಮಾಡುತ್ತದೆ, ಗದೆ ತಿರುಗಿಸುವುದು ಹೆಗಲಿನ ಕೀಲುಗಳನ್ನು ಸಡಿಲಗೊಳಿಸಿ ಹಿಡಿತ ಬಿಗಿ ಮಾಡುತ್ತದೆ. ಜೀನಿನ ಮೇಲೆ ಬೇಕಾದದ್ದೆಲ್ಲ ಇದರಲ್ಲಿದೆ. ಬೆಟ್ಟದ ಮೆಟ್ಟಿಲುಗಳದ್ದೂ ಅದೇ ಲೆಕ್ಕ. ಹತ್ತುವಾಗ ಉಸಿರು ಮತ್ತು ಪಿರ್ರೆಯ ಸ್ನಾಯುಗಳು ಪಳಗುತ್ತವೆ. ಇಳಿಯುವಾಗ ತೊಡೆಯ ಮುಂಭಾಗ ದೇಹದ ಭಾರವನ್ನು ತಡೆತಡೆದು ಬಿಡುತ್ತದೆ. ಮಂಡಿ ನೋಯುವುದೂ ಮರುದಿನ ಕಾಲು ಹಿಡಿಯುವುದೂ ಹೆಚ್ಚಾಗಿ ಇಳಿತದಿಂದಲೇ. ಹೊಸಬರು ಮೊದಲ ವಾರಗಳಲ್ಲಿ ನಿಧಾನವಾಗಿ ಇಳಿಯಬೇಕು, ಇಳಿಯುತ್ತಾ ಓಡಬಾರದು. ಮೊಳಕಾಲ್ಮುರು ಮತ್ತು ಪಕ್ಕದ ಚಳ್ಳಕೆರೆ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವು. ಬೇಸಿಗೆಯಲ್ಲಿ ಬಂಡೆ ಕಾಯುವ ಮೊದಲೇ ಕೆಳಗಿಳಿದಿರಬೇಕು, ನೀರು ಜೊತೆಗಿರಬೇಕು.

ಮಲ್ಲವಿದ್ಯೆಯಿಂದ ಸವಾರನಿಗೆ ಆಗುವ ದೊಡ್ಡ ಉಪಕಾರ ಬೀಳುವುದನ್ನು ಕಲಿಯುವುದು. ಜೂಡೊ ಕಲಿಸುವವರು ಎಸೆತ ಹೇಳಿಕೊಡುವ ಮುನ್ನ ಬೀಳುವ ಬಗೆಯನ್ನು ಹೇಳಿಕೊಡುತ್ತಾರೆ. ಗಲ್ಲ ಎದೆಗೆ ಒತ್ತಬೇಕು, ಕೈ ಚಾಚಿ ನೆಲಕ್ಕೆ ಊರಬಾರದು, ಬೆನ್ನು ಉರುಳಬೇಕು. ಕುದುರೆಯಿಂದ ಬೀಳುವವನು ಸಹಜವಾಗಿ ಕೈ ಊರುತ್ತಾನೆ, ಮಣಿಕಟ್ಟೋ ಕೊರಳೆಲುಬೋ ಮುರಿಯುತ್ತದೆ. ಮಟ್ಟಿಯಲ್ಲಿ, ಮ್ಯಾಟಿನ ಮೇಲೆ ನೂರು ಸಲ ಬಿದ್ದ ಮೈಗೆ ಆ ಕ್ಷಣದಲ್ಲಿ ಯೋಚಿಸುವ ಅಗತ್ಯ ಬೀಳುವುದಿಲ್ಲ. ಹೆಲ್ಮೆಟ್ ಮಾತ್ರ ಯಾವ ವಿದ್ಯೆ ಬಂದರೂ ತಪ್ಪಿಸುವಂತಿಲ್ಲ.

ಒಂದು ಬಿಗಿ, ಇನ್ನೊಂದು ಸಡಿಲ

ಎರಡು ವಿದ್ಯೆಗಳ ನಡುವೆ ತಿಕ್ಕಾಟವೂ ಇದೆ. ಸವಾರಿ ತೊಡೆಯ ಒಳಭಾಗವನ್ನೂ ಸೊಂಟದ ಮುಂಭಾಗವನ್ನೂ ಬಿಗಿಗೊಳಿಸುತ್ತದೆ. ಕರಾಟೆಯ ಎತ್ತರದ ಒದೆತಕ್ಕೆ ಅವೇ ಸ್ನಾಯುಗಳು ಉದ್ದಕ್ಕೆ ಸಡಿಲಗೊಳ್ಳಬೇಕು. ಸವಾರಿ ಮಾಡಿದ ಸಂಜೆಯೇ ಜೋರಾಗಿ ಒದೆತ ಅಭ್ಯಾಸ ಮಾಡಿದರೆ ತೊಡೆಸಂದಿಯ ಸ್ನಾಯು ಸೆಳೆದುಕೊಳ್ಳುವ ಅಪಾಯ ಹೆಚ್ಚು. ಆದ್ದರಿಂದ ವಾರವನ್ನು ಹಂಚಿಕೊಳ್ಳುವುದರಲ್ಲಿ ಜಾಣತನ ಬೇಕು. ಎರಡು ದಿನ ಸವಾರಿ ಸಿಗುವವರು ಅವುಗಳ ನಡುವೆ ಎರಡು ದಿನವಾದರೂ ಬಿಡುವು ಇಟ್ಟುಕೊಳ್ಳಲಿ. ಸವಾರಿಯ ಮರುದಿನ ಕೈವರಸೆ, ಹೆಜ್ಜೆಗಾರಿಕೆ, ಉಸಿರಿನ ಅಭ್ಯಾಸ ಸಾಕು. ಭಾರ ಎತ್ತುವ ದಿನ ಸವಾರಿಯ ಹಿಂದಿನ ದಿನ ಬರದಿರಲಿ, ದಣಿದ ಕಾಲು ಜೀನಿನ ಮೇಲೆ ಮಾತು ಕೇಳುವುದಿಲ್ಲ. ವಾರಕ್ಕೊಂದು ದಿನ ಪೂರಾ ವಿಶ್ರಾಂತಿ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ.

ಮೈಯ ಎರಡು ಬದಿಗಳನ್ನೂ ನೋಡಿಕೊಳ್ಳಬೇಕು. ಕುದುರೆಯನ್ನು ಸಾಮಾನ್ಯವಾಗಿ ಎಡಗಡೆಯಿಂದಲೇ ಏರುತ್ತೇವೆ, ಬಲಗೈ ರೂಢಿಯವರು ಹೊಡೆತವನ್ನು ಬಲಗಡೆಯಿಂದಲೇ ಹೆಚ್ಚು ಅಭ್ಯಾಸ ಮಾಡುತ್ತಾರೆ. ಹೀಗೆ ಒಂದು ಬದಿ ಬಲಿತು ಇನ್ನೊಂದು ಹಿಂದುಳಿದರೆ ಸವಾರ ಜೀನಿನ ಮೇಲೆ ಓರೆಯಾಗಿ ಕೂರುತ್ತಾನೆ, ಕುದುರೆಯೂ ಓರೆಯಾಗಿ ನಡೆಯುತ್ತದೆ. ಒಂಟಿಕಾಲಿನ ಬಸ್ಕಿ, ಎಡಗೈಯ ಗದೆ ಇಂಥವುಗಳಿಗೆ ಸಮಯ ಕೊಡಬೇಕಾದದ್ದು ಇದಕ್ಕೇ.

ಕುದುರೆಗೂ ಒಂದು ಮಾತಿದೆ

ತೂಕ ಇಳಿಸುವ ಗುರಿ ಇಟ್ಟುಕೊಂಡವರು ಸಾಮಾನ್ಯವಾಗಿ ಕನ್ನಡಿ ನೋಡಿಕೊಳ್ಳುತ್ತಾರೆ. ಸವಾರರು ಕುದುರೆಯ ಬೆನ್ನು ನೋಡಬೇಕು. ಸವಾರ, ಜೀನು, ಸಾಮಾನು ಎಲ್ಲ ಸೇರಿ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ಬಹಳ ಕಡೆ ಪಾಲಿಸುವ ಲೆಕ್ಕ. 450 ಕಿಲೊ ತೂಗುವ ಕುದುರೆ 90 ಕಿಲೊ ಹೊರಬಹುದು. 250 ಕಿಲೊದ ನಾಟಿ ತಟ್ಟುವಿಗೆ 50 ಕಿಲೊವೇ ಗಡಿ. ಇದಕ್ಕಿಂತ ನ್ಯಾಯವಾದ ತೂಕದ ಗುರಿ ಇನ್ನೊಂದಿಲ್ಲ. ನಮ್ಮ ಮೈಯನ್ನು ಹೊರುವ ಮೂಕಪ್ರಾಣಿಗೆ ನಾವು ಸಲ್ಲಿಸುವ ಗೌರವ ಇದು.

ಹಾಗೆಂದು ಹೊಟ್ಟೆಗೆ ಕಡಿಮೆ ಮಾಡಿ ತೂಕ ಇಳಿಸಿದರೆ ಬಲವೂ ಇಳಿಯುತ್ತದೆ. ಈ ಸೀಮೆಯ ಹೊಲಗಳಲ್ಲೇ ಅದಕ್ಕೆ ಉತ್ತರವಿದೆ. ಬೇಯಿಸಿದ ಹುರುಳಿ ಕುದುರೆಗಳಿಗೆ ಹಳೆಯ ಕಾಲದಿಂದ ಇಟ್ಟ ಮೇವು. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಶೇಂಗಾದಲ್ಲೂ ಅಷ್ಟೇ ಅಥವಾ ಸ್ವಲ್ಪ ಹೆಚ್ಚು, ಜೊತೆಗೆ ಕೊಬ್ಬಿನ ಶಕ್ತಿ. ರಾಗಿ ಮುದ್ದೆ, ಹುರುಳಿಕಟ್ಟಿನ ಸಾರು, ಮೊಳಕೆಕಾಳು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಸೇರಿದರೆ ದುಬಾರಿ ಡಬ್ಬಿ ಪುಡಿಗಳಿಗೆ ಹಣ ಹಾಕುವ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ.

ಊಟ, ಸಾಮು, ಕುದುರೆ ಇವನ್ನು ಒಟ್ಟಿಗೆ ನೋಡುವ ದೃಷ್ಟಿ ನಮ್ಮಲ್ಲಿ ಹಳೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆಗಳು, ಅವರ ಆಹಾರ ಮತ್ತು ಅಭ್ಯಾಸ, ಕುದುರೆ ಏರಿ ಚೆಂಡಾಡುವ ಆಟ ಎಲ್ಲಕ್ಕೂ ಜಾಗವಿದೆ.

ಸಣ್ಣವರಿಗೂ ದಕ್ಕಲಿ

ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಮತ್ತು ತಂಡ ಎರಡರಲ್ಲೂ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೈನರ್ ಮೆಡಿಕಾಟ್ ಎಂಬ ಕುದುರೆಯೊಂದಿಗೆ 23ನೇ ಸ್ಥಾನ ಪಡೆದರು. ಹೆಮ್ಮೆಯ ಸಾಧನೆ. ಆದರೆ ಈ ಕ್ರೀಡೆ ದುಬಾರಿ. ಮೊಳಕಾಲ್ಮುರಿನ ನೇಕಾರರ ಮಗಳಿಗೆ, ಚಳ್ಳಕೆರೆಯ ಶೇಂಗಾ ಬೆಳೆಗಾರರ ಮಗನಿಗೆ ಕುದುರೆಯ ಬೆನ್ನು ಸುಲಭಕ್ಕೆ ಸಿಗುವಂಥದ್ದಲ್ಲ. ಎನ್‌ಸಿಸಿಯ ಅಶ್ವದಳ, ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯಂಥ ಸಾರ್ವಜನಿಕ ದಾರಿಗಳು ಇಂಥ ಮಕ್ಕಳಿಗೆ ಮುಖ್ಯವಾಗುವುದು ಇದಕ್ಕೇ. ಆ ಬಾಗಿಲು ತೆರೆದ ದಿನ ಮೈ ಸಿದ್ಧವಿರಬೇಕು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಾಗಿ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಲು ನಸುಕಿನಲ್ಲಿ ರಸ್ತೆ ಬದಿ ಓಡುವ ಹುಡುಗರಿಗೂ ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ಅಷ್ಟೇ ಉಪಯೋಗ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಜಿಲ್ಲೆಗೆ ಹೊರಗಿನ ಆದರ್ಶ ಬೇಕಿಲ್ಲ. ಹೈದರಾಲಿಯ ಸೈನಿಕರನ್ನು ಚಿತ್ರದುರ್ಗ ಕೋಟೆಯ ಕಿಂಡಿಯಲ್ಲಿ ತಡೆದ ಓಬವ್ವನ ಕೈಯಲ್ಲಿದ್ದದ್ದು ದಿನವೂ ಕಾಳು ಕುಟ್ಟುವ ಒನಕೆ. ಮನೆಗೆಲಸದಲ್ಲಿ ಪಳಗಿದ ತೋಳೇ ಯುದ್ಧಕ್ಕೂ ಒದಗಿತು. ಈಗ ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಇದೆ, ಮೂರು ತಿಂಗಳ ಮಟ್ಟಿಗೆ. ಮೂರು ತಿಂಗಳಲ್ಲಿ ನಿಲುವು ಬರುತ್ತದೆ, ವಿದ್ಯೆ ಮೈಗೂಡುವುದಿಲ್ಲ. ಅಶೋಕನಿಗೇ ವರ್ಷಕ್ಕೂ ಮೇಲ್ಪಟ್ಟ ಶ್ರಮ ಬೇಕಾಯಿತು.

ಆದ್ದರಿಂದ ಕೇಳಬೇಕಾದ್ದನ್ನು ಕೇಳೋಣ. ಆತ್ಮರಕ್ಷಣಾ ತರಬೇತಿ ವರ್ಷವಿಡೀ ನಡೆಯಲಿ. ಪ್ರತಿ ಪ್ರೌಢಶಾಲೆಗೂ ದೈಹಿಕ ಶಿಕ್ಷಕರೂ ಒಂದು ಜೊತೆ ಮ್ಯಾಟೂ ಇರಲಿ. ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆಯನ್ನು ಪ್ರವಾಸಿಗರಿಗೆ ತೋರಿಸುವ ಜಿಲ್ಲೆಯಲ್ಲಿ ಊರಿನ ಗರಡಿಗಳು ಬಾಗಿಲು ತೆರೆಯಲಿ, ಹುಡುಗಿಯರಿಗೂ ತೆರೆಯಲಿ. ಬೆಟ್ಟಕ್ಕೆ ಸಾಮು ಮಾಡಲು ಬರುವವರು ಶಾಸನದ ಬಂಡೆಯನ್ನು ತುಳಿಯದೆ ಕಾಯಲಿ.

ಗುರಿ ಇಟ್ಟುಕೊಳ್ಳುವವರು ಅದನ್ನು ಕೆಲಸದ ಭಾಷೆಯಲ್ಲಿ ಬರೆದುಕೊಳ್ಳಲಿ: ನಿಲ್ಲದೆ ಬೆಟ್ಟ ಹತ್ತುತ್ತೇನೆ, ಪೆಟ್ಟಾಗದಂತೆ ಬೀಳುತ್ತೇನೆ, ಎರಡೂ ಕಾಲಿನಲ್ಲಿ ಸಮನಾಗಿ ಬಸ್ಕಿ ಹೊಡೆಯುತ್ತೇನೆ, ಕುದುರೆಗೆ ಹೊರೆಯಾಗದಂತೆ ಕೂರುತ್ತೇನೆ. ಇವಕ್ಕೆ ಸಿರಿತನ ಬೇಕಿಲ್ಲ, ಸುಂದರ ಮೈಕಟ್ಟೂ ಬೇಕಿಲ್ಲ. ಬಿಡದೆ ಮಾಡುವ ಶ್ರಮ ಬೇಕು. ಆ ಶ್ರಮ ಸಣ್ಣವರಿಗೂ ಫಲ ಕೊಡುತ್ತದೆ ಎಂದು ಈ ಸೀಮೆಯ ಬಂಡೆಗಳ ಮೇಲೆ ಬರೆದು ಎರಡು ಸಾವಿರದ ಇನ್ನೂರು ವರ್ಷ ದಾಟಿದೆ. ಅದನ್ನು ನಿಜ ಮಾಡುವ ಅವಕಾಶವನ್ನು ಎಲ್ಲರಿಗೂ ಒದಗಿಸುವುದು ನಮ್ಮ ಕಾಲದ ಹೊಣೆ.