ಒಂದೇ ಔಷಧಿ, ಲೆಕ್ಕ ಎರಡು: ಜಂತುಹುಳು ಮಾತ್ರೆ ಬಗ್ಗೆ ಮಕ್ಕಳ ಮನೆಯವರಿಗೂ, ಕುರಿ ಸಾಕುವವರಿಗೂ ಗೊತ್ತಿರಬೇಕಾದ್ದು

ಕಡೂರು: ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡೋ ಜಂತುಹುಳು ಮಾತ್ರೆಯ ಹೆಸರು ಆಲ್ಬೆಂಡಝೋಲ್. ಕುರಿ ರೊಪ್ಪದಲ್ಲಿ ಬಾಟಲಿಯಿಂದ ಕುಡಿಸೋ ಬಿಳಿ ಔಷಧಿಯ ಚೀಟಿ ಓದಿ ನೋಡಿ, ಬಹಳಷ್ಟು ಸಲ ಅಲ್ಲೂ ಇದೇ ಹೆಸರು ಇರುತ್ತೆ. ಔಷಧಿ ಒಂದೇ. ಆದರೆ ಮಗುವಿಗೆ ಕೊಡೋ ಲೆಕ್ಕ ಬೇರೆ, ಕುರಿಗೆ ಕೊಡೋ ಲೆಕ್ಕ ಬೇರೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳೂ ಇದ್ದಾರೆ, ಕುರಿ-ದನಗಳೂ ಇವೆ. ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದನ್ನ ಇಲ್ಲಿ ನೋಡೋಣ.

ಕುರಿಗೆ ಮೊದಲು, ಮನುಷ್ಯರಿಗೆ ಆಮೇಲೆ

ಈ ಔಷಧಿ ಮೊದಲು ಬಂದಿದ್ದೇ ಕುರಿಗಳಿಗೆ. 1977ರಲ್ಲಿ ಆಸ್ಟ್ರೇಲಿಯಾದಲ್ಲಿ ಕುರಿಗಳ ಜಂತಿಗೆ ಅಂತ ಮಾರಾಟಕ್ಕೆ ಬಂತು. 1982ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಸಿಕ್ತು. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೀತಿದೆ. ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ಕ್ಕೆ ಮಾತ್ರೆ ಕೊಡ್ತಾರೆ. ಆ ದಿನ ತಪ್ಪಿಸಿಕೊಂಡ ಮಕ್ಕಳಿಗೆ ಒಂದು ವಾರ ಬಿಟ್ಟು ಇನ್ನೊಂದು ದಿನ ಇರುತ್ತೆ.

ಹೊಟ್ಟೆಯೊಳಗೆ ಏನು ಮಾಡುತ್ತೆ?

ಮಕ್ಕಳ ಹೊಟ್ಟೆಯಲ್ಲಿ ಮುಖ್ಯವಾಗಿ ಮೂರು ತರದ ಹುಳು: ದುಂಡು ಹುಳು, ಕೊಕ್ಕೆ ಹುಳು, ಚಾಟಿ ಹುಳು. ದುಂಡು ಹುಳು ಮತ್ತು ಚಾಟಿ ಹುಳುವಿನ ಮೊಟ್ಟೆ ಮಣ್ಣಾದ ಕೈ, ತೊಳೆಯದ ತರಕಾರಿ ಮೂಲಕ ಬಾಯಿಗೆ ಹೋಗುತ್ತೆ. ಕೊಕ್ಕೆ ಹುಳು ಹಾಗಲ್ಲ. ಅದರ ಮರಿ ಒದ್ದೆ ಮಣ್ಣಲ್ಲಿ ಕಾದಿದ್ದು, ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತೆ. ಆಮೇಲೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ಮಗು ಬಿಳಿಚಿಕೊಳ್ಳೋದು, ಸುಸ್ತು, ಪಾಠದ ಮೇಲೆ ಗಮನ ಇಲ್ಲದಿರೋದು, ಇದಕ್ಕೆಲ್ಲ ರಕ್ತಹೀನತೆ ಒಂದು ಕಾರಣ. ತೋಟದ ನೆರಳಲ್ಲಿ, ಒದ್ದೆ ಮಣ್ಣಲ್ಲಿ ಬರಿಗಾಲಲ್ಲಿ ಓಡಾಡೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಆಲ್ಬೆಂಡಝೋಲ್ ಹುಳುವನ್ನ ಉಪವಾಸ ಕೆಡವುತ್ತೆ. ಹುಳು ತನಗೆ ಬೇಕಾದ ಸಕ್ಕರೆ ಅಂಶ ಹೀರಿಕೊಳ್ಳದ ಹಾಗೆ ಮಾಡುತ್ತೆ. ಕೆಲವು ದಿನಗಳಲ್ಲಿ ಅದು ಶಕ್ತಿ ಇಲ್ಲದೆ ಸಾಯುತ್ತೆ. ಹಾಗಾಗಿ ಮಾರನೇ ದಿನ ಮಲದಲ್ಲಿ ಹುಳು ಕಾಣಲಿಲ್ಲ ಅಂತ ಮಾತ್ರೆ ಕೆಲಸ ಮಾಡಿಲ್ಲ ಅನ್ಕೋಬೇಡಿ. ದುಂಡು ಹುಳುವಿನ ಮೇಲೆ ಒಂದೇ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಚಾಟಿ ಹುಳುವಿನ ಮೇಲೆ ಅಷ್ಟಕ್ಕಷ್ಟೆ.

ಮಕ್ಕಳ ಲೆಕ್ಕ: ವಯಸ್ಸು

• 1ರಿಂದ 2 ವರ್ಷ: ಅರ್ಧ ಮಾತ್ರೆ, ಅಂದ್ರೆ 200 ಮಿ.ಗ್ರಾಂ.
• 2ರಿಂದ 19 ವರ್ಷ: ಒಂದು ಪೂರ್ತಿ ಮಾತ್ರೆ, 400 ಮಿ.ಗ್ರಾಂ.
• 3 ವರ್ಷದ ಒಳಗಿನವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು. ಇಡೀ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.
• ದೊಡ್ಡವರು ಚೀಪಿ ಅಗಿದೇ ತಿನ್ನಬೇಕು. ಹಾಗೇ ನುಂಗೋದಲ್ಲ.

‘ನಮ್ಮ ಹುಡುಗ ಸಣಕಲ, ಅರ್ಧ ಸಾಕು’ ಅನ್ನೋರು ಇದ್ದಾರೆ. ಅದು ತಪ್ಪು. ಮಾತ್ರೆಯ ಬಹುಪಾಲು ರಕ್ತಕ್ಕೆ ಸೇರದೆ ಕರುಳಲ್ಲೇ ಉಳಿದು ಹುಳುವಿನ ಮೇಲೆ ಕೆಲಸ ಮಾಡುತ್ತೆ. ಅದಕ್ಕೇ ಮೂರು ವರ್ಷದ ಮಗುವಿಗೂ, ಪಿಯುಸಿ ಹುಡುಗನಿಗೂ ಒಂದೇ ಅಳತೆ.

ಮಾತ್ರೆ ತಗೊಂಡ ಮೇಲೆ ಕೆಲವರಿಗೆ ಹೊಟ್ಟೆ ನುಲಿಯೋದು, ವಾಕರಿಕೆ, ವಾಂತಿ, ಭೇದಿ ಆಗಬಹುದು. ಹುಳು ಜಾಸ್ತಿ ಇರೋ ಮಕ್ಕಳಲ್ಲೇ ಇದು ಜಾಸ್ತಿ. ನೆರಳಲ್ಲಿ ಮಲಗಿಸಿ, ಕುಡಿಯೋಕೆ ಶುದ್ಧ ನೀರು ಕೊಡಿ. ಕಡಿಮೆಯಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. ಒಂದು ಮಗು ವಾಂತಿ ಮಾಡಿತು ಅಂತ ವಾಟ್ಸಾಪಲ್ಲಿ ಸುದ್ದಿ ಹಬ್ಬಿಸಿ, ಇಡೀ ಬೀದಿಯ ಮಕ್ಕಳಿಗೆ ಮಾತ್ರೆ ತಪ್ಪಿಸೋದು ಬೇಡ.

ಹಾಗಂತ ಎಲ್ಲರಿಗೂ ಕೊಡೋ ಹಾಗಿಲ್ಲ. ಆ ದಿನ ಜ್ವರ ಅಥವಾ ಬೇರೆ ಕಾಯಿಲೆ ಇರೋ ಮಗುವಿಗೆ ಬೇಡ, ಹುಷಾರಾದ ಮೇಲೆ ಕೊಡಿಸಿ. ಫಿಟ್ಸ್ ಬರೋ ಮಕ್ಕಳಿದ್ದರೆ ಮೊದಲು ಡಾಕ್ಟರನ್ನ ಕೇಳಿ. ಬಸುರಿಯರಿಗೆ ಮೊದಲ ಮೂರು ತಿಂಗಳು ಕೊಡೋ ಹಾಗಿಲ್ಲ.

ಕುರಿಯ ಲೆಕ್ಕ: ತೂಕ

ಕುರಿಗೆ ವಯಸ್ಸು ನೋಡಿ ಕೊಡೋದಲ್ಲ, ತೂಕ ನೋಡಿ ಕೊಡೋದು. ನಷ್ಟ ಆಗೋದು ಇಲ್ಲೇ. ಬಹಳ ಜನ ಕಣ್ಣಂದಾಜಲ್ಲಿ ‘ಒಂದು ಮುಚ್ಚಳ’ ಕುಡಿಸಿ ಮುಂದಕ್ಕೆ ಹೋಗ್ತಾರೆ.

ಒಂದು ಲೆಕ್ಕ ನೋಡಿ. ಪಶು ವೈದ್ಯರು ಕೆ.ಜಿ.ಗೆ 7.5 ಮಿ.ಗ್ರಾಂ. ಅಂತ ಬರೆದಿದ್ದಾರೆ, ಬಾಟಲಿ ಮೇಲೆ 2.5% ಅಂತಿದೆ ಅನ್ಕೊಳ್ಳಿ. ಅಂದ್ರೆ ಒಂದು ಮಿ.ಲೀ.ನಲ್ಲಿ 25 ಮಿ.ಗ್ರಾಂ. ಔಷಧಿ. 20 ಕೆ.ಜಿ. ಕುರಿಗೆ 6 ಮಿ.ಲೀ. ಬೇಕು. 40 ಕೆ.ಜಿ. ಟಗರಿಗೆ 12 ಮಿ.ಲೀ. ಬೇಕು. ಇಬ್ಬರಿಗೂ 6 ಮಿ.ಲೀ. ಕುಡಿಸಿದರೆ ಟಗರಿಗೆ ಅರ್ಧ ಡೋಸ್ ಮಾತ್ರ ಸಿಕ್ಕಿದ ಹಾಗೆ.

ಅರ್ಧ ಡೋಸಲ್ಲಿ ಬಲ ಇಲ್ಲದ ಹುಳು ಸಾಯುತ್ತೆ, ಗಟ್ಟಿ ಹುಳು ಉಳಿಯುತ್ತೆ. ಉಳಿದ ಹುಳುವಿನ ಮೊಟ್ಟೆ ಹಿಕ್ಕೆ ಜೊತೆ ಹುಲ್ಲಿಗೆ ಬಿದ್ದು, ಊರಿನ ಎಲ್ಲಾ ಕುರಿ ಮೇಯೋ ಜಾಗಕ್ಕೆ ಹರಡುತ್ತೆ. ನಾಲ್ಕಾರು ವರ್ಷ ಹೀಗೇ ಆದರೆ ಔಷಧಿ ಪೂರ್ತಿ ಕುಡಿಸಿದರೂ ಹುಳು ಸಾಯಲ್ಲ. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರೋ ಹುಳು ಹೀಗೆ ಔಷಧಿಗೆ ಜಗ್ಗದಿರೋದು ಭಾರತವೂ ಸೇರಿ ಬೇರೆ ಬೇರೆ ದೇಶಗಳಲ್ಲಿ ಕಂಡುಬಂದಿದೆ. ಹತ್ತು ರೂಪಾಯಿ ಔಷಧಿ ಉಳಿಸೋಕೆ ಹೋಗಿ ಸಾವಿರಾರು ರೂಪಾಯಿ ಬಾಳೋ ಕುರಿ ಕಳ್ಕೊಳ್ಳೋದು ಯಾವ ಉಳಿತಾಯ?

ಹಾಗಾಗಿ:

• ತಕ್ಕಡಿಗೆ ಹಾಕಿ ತೂಕ ನೋಡಿ. ಎಲ್ಲವನ್ನೂ ತೂಗೋಕೆ ಆಗದಿದ್ದರೆ ಮರಿ, ಕುರಿ, ಟಗರು ಅಂತ ಗುಂಪು ಮಾಡಿ. ಒಂದೊಂದು ಗುಂಪಲ್ಲಿ ಎಲ್ಲಕ್ಕಿಂತ ಭಾರ ಇರೋದರ ತೂಕಕ್ಕೆ ಲೆಕ್ಕ ಹಾಕಿ.
• ಮುಚ್ಚಳ ಬಿಡಿ, ಅಳತೆ ಗೆರೆ ಇರೋ ಸಿರಿಂಜ್ ಬಳಸಿ.
• ಕುಡಿಸುವಾಗ ಕುರಿಯ ತಲೆ ತೀರಾ ಮೇಲೆತ್ತಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತೆ.
• ಗಬ್ಬದ ಮೊದಲ ಒಂದು ತಿಂಗಳು ಆಲ್ಬೆಂಡಝೋಲ್ ಬೇಡ. ಹೊಟ್ಟೆಯಲ್ಲಿರೋ ಮರಿಗೆ ತೊಂದರೆ ಆಗುತ್ತೆ.
• ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಅಂತ ಬಾಟಲಿ ಮೇಲೆ ಬರೆದಿರುತ್ತೆ. ಅದನ್ನ ಪಾಲಿಸಿ.

ಕುರಿಯ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಬಾವು ಬಂದಿದ್ದರೆ, ಕಣ್ಣಿನ ರೆಪ್ಪೆ ಒಳಗೆ ಕೆಂಪು ಹೋಗಿ ಬೆಳ್ಳಗಾಗಿದ್ದರೆ ಹುಳು ರಕ್ತ ಹೀರ್ತಿರಬಹುದು. ಭದ್ರಾ ನೀರಿನ ಗದ್ದೆ ಇರೋ ತರೀಕೆರೆ ಕಡೆ, ಅಯ್ಯನಕೆರೆ, ಮದಗದಕೆರೆ ಅಂಥ ಕೆರೆಗಳ ಅಂಚಲ್ಲಿ ಮೇಯಿಸೋರು ಇನ್ನೊಂದು ವಿಷಯ ತಿಳ್ಕೊಂಡಿರಬೇಕು. ನೀರಿನ ಬಸವನಹುಳುವಿಂದ ಬರೋ, ಲಿವರ್ ಕೆಡಿಸೋ ಚಪ್ಪಟೆ ಹುಳು ಬೇರೆ. ಅದರಲ್ಲಿ ಬೆಳೆದ ಹುಳುವಿನ ಮೇಲೆ ಮಾತ್ರ, ಅದೂ ಹೆಚ್ಚು ಡೋಸಲ್ಲಿ, ಆಲ್ಬೆಂಡಝೋಲ್ ಕೆಲಸ ಮಾಡುತ್ತೆ. ಎಳೆ ಹುಳು ಉಳಿದುಬಿಡುತ್ತೆ. ಅದಕ್ಕೆ ಬೇರೆ ಔಷಧಿಗಳಿವೆ. ಯಾವ ಹುಳು ಅಂತ ತಿಳಿಯೋಕೆ ಹಿಕ್ಕೆ, ಸಗಣಿಯನ್ನ ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೂ ಫೋನ್ ಮಾಡಬಹುದು.

ಅಂಗಡಿಯವರಿಗೆ

ಜನರ ಮಾತ್ರೆ, ಪ್ರಾಣಿಗಳ ಬಾಟಲಿ ಎರಡೂ ಮಾರೋ ಅಂಗಡಿಯವರು ಬೇರೆ ಬೇರೆ ಕಪಾಟಲ್ಲಿ ಇಡಿ. ‘ಕುರಿದೇ ಸ್ವಲ್ಪ ಕೊಡಿ, ನಾನೇ ಕುಡೀತೀನಿ’ ಅಂತ ಯಾರಾದ್ರೂ ಕೇಳಿದರೆ ಕೊಡಬೇಡಿ. ಹೆಸರು ಒಂದೇ ಇದ್ದರೂ ಅದರ ಅಳತೆ, ಅದರಲ್ಲಿ ಸೇರಿಸಿರೋ ಬೇರೆ ಔಷಧಿ ಮನುಷ್ಯರಿಗೆ ಅಂತ ಮಾಡಿದ್ದಲ್ಲ. ಕುರಿ ಔಷಧಿ ಕೇಳಿದವರಿಗೆ ‘ತೂಕ ಎಷ್ಟು?’ ಅಂತ ಒಂದು ಮಾತು ಕೇಳಿ. ಹೋಟೆಲ್‌ನವರು ಕೈ ತೊಳೆಯೋ ಜಾಗದಲ್ಲಿ ಸೋಪು ಇಡಿ, ಸೌತೆಕಾಯಿ, ಕೊತ್ತಂಬರಿ ಚೆನ್ನಾಗಿ ತೊಳೆದು ಬಳಸಿ.

ಮಾತ್ರೆ ಆದಮೇಲೆ?

ಮಾತ್ರೆ ಹೊಟ್ಟೆಯಲ್ಲಿರೋ ಹುಳುವನ್ನ ಸಾಯಿಸುತ್ತೆ, ಹೊಸದು ಬರೋದನ್ನ ತಡೆಯಲ್ಲ. ಒಂದು ಹೆಣ್ಣು ದುಂಡು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತೆ. ಬಯಲಲ್ಲಿ ಶೌಚಕ್ಕೆ ಹೋದರೆ ಅಷ್ಟೂ ಮಣ್ಣು ಸೇರುತ್ತೆ. ಅದಕ್ಕೇ ವರ್ಷಕ್ಕೆ ಎರಡು ಸಲ ಮಾತ್ರೆ. ಜೊತೆಗೆ ಶೌಚಾಲಯ, ಕಾಲಿಗೆ ಚಪ್ಪಲಿ, ಊಟಕ್ಕೆ ಮುಂಚೆ ಸೋಪು, ಕತ್ತರಿಸಿದ ಉಗುರು ಇರಲೇಬೇಕು. ನಿಮ್ಮ ಮಗುವಿಗೆ ಶಾಲೆಯಲ್ಲಿ ಮಾತ್ರೆ ತಪ್ಪಿದ್ದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನ ಕೇಳಿ.