ಹೂವು ಕೊಡದ ಪರಿಮಳ

ಹೂವಿನ ಗಂಧವನ್ನು ಹಿಡಿದಿಡುವ ವಿದ್ಯೆ ನಮ್ಮಲ್ಲಿ ಪ್ರಾಚೀನವಾದುದು. ಕನೌಜಿನ ಅತ್ತರುಗಾರರು ತಾಮ್ರದ ಹಂಡೆಯಲ್ಲಿ ಗುಲಾಬಿಯನ್ನೋ ಕೇದಗೆಯನ್ನೋ ನೀರಿನೊಡನೆ ಕುದಿಸಿ, ಅದರ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ, ಹೂವು ಅಳಿದ ಮೇಲೂ ಅದರ ಪರಿಮಳವನ್ನು ಉಳಿಸಿಕೊಳ್ಳುತ್ತಾರೆ. ಆದರೆ ಯೂರೋಪಿನ ಕಾಡುಗಳಲ್ಲಿ ವಸಂತದಲ್ಲಿ ಅರಳುವ ಮ್ಯೂಗೆ ಎಂಬ ಪುಟ್ಟ ಬಿಳಿಯ ಗಂಟೆಹೂವು ಈ ಉಪಾಯಕ್ಕೆ ವಶವಾಗುವುದಿಲ್ಲ. ಸುಗಂಧಕಾರನ ಕೆಲಸಕ್ಕೆ ಒದಗುವಂಥ ತೈಲ ಅದರಿಂದ ದೊರೆಯದು. ಆ ಪರಿಮಳ ಬೇಕೆನ್ನುವವನು ಅನ್ಯ ದ್ರವ್ಯಗಳಿಂದ ಅದನ್ನು ತಾನೇ ರಚಿಸಬೇಕು. ಹಾಗೆ ರಚಿಸಿದವರಲ್ಲಿ ಅಗ್ರಗಣ್ಯನೆಂದು ನಾನು ಭಾವಿಸುವುದು ಫ್ರಾನ್ಸಿನ ಎದ್ಮೊಂ ರುದ್ನಿಟ್ಸ್ಕಾನನ್ನು.

1905ರಲ್ಲಿ ನೀಸ್ ನಗರದಲ್ಲಿ ಜನಿಸಿ, ಸುಗಂಧೋದ್ಯಮದ ತವರಾದ ಗ್ರಾಸ್ ಪಟ್ಟಣದಲ್ಲಿ ಕಸುಬನ್ನು ಕಲಿತ ಈತನು, ಮಹಾಯುದ್ಧದ ಘೋರ ದಿನಗಳಲ್ಲಿ, 1943ರಲ್ಲಿ, ಪ್ಯಾರಿಸಿನಲ್ಲಿ ಒಂದು ಪಕ್ಕಕ್ಕೆ ಕಸದ ತಿಪ್ಪೆಯೂ ಮತ್ತೊಂದು ಪಕ್ಕಕ್ಕೆ ಬಣ್ಣದ ಕಾರ್ಖಾನೆಯೂ ಇದ್ದ ಕಟ್ಟಡದಲ್ಲಿ ಕುಳಿತು ‘ಫಾಮ್’ ಎಂಬ ಪ್ರಸಿದ್ಧ ಸುಗಂಧವನ್ನು ನಿರ್ಮಿಸಿದನು. ಅಂಥ ದುರ್ಗಂಧದ ನಡುವೆ ಇದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಗೆ ಉತ್ತರ ಅವನ ಕಾರ್ಯವಿಧಾನದಲ್ಲಿಯೇ ಇದೆ. ಸುಗಂಧವೆಂಬುದು ಬುದ್ಧಿಯ ಕೃತಿ, ಮೂಗು ಅದಕ್ಕೆ ಸಾಧನಮಾತ್ರ ಎಂಬುದು ಅವನ ದೃಢವಾದ ನಿಲುವಾಗಿತ್ತು. ವಾಗ್ಗೇಯಕಾರನು ಕೃತಿಯನ್ನು ಕೊರಳಿಗೆ ತರುವ ಮೊದಲೇ ಮನಸ್ಸಿನಲ್ಲಿ ಕೇಳಿಕೊಳ್ಳುವಂತೆ, ಇವನು ಸ್ಮೃತಿಯಲ್ಲಿ ಸಂಗ್ರಹವಾಗಿದ್ದ ಗಂಧಗಳನ್ನು ಮನಸ್ಸಿನಲ್ಲಿಯೇ ಬೆರೆಸಿ, ದ್ರವ್ಯಗಳ ಹೆಸರನ್ನೂ ಪ್ರಮಾಣವನ್ನೂ ಕಾಗದದ ಮೇಲೆ ಬರೆದು, ಅನಂತರವೇ ಅವುಗಳನ್ನು ತೂಗಿಸಿ ಬೆರೆಸಿ ಪರೀಕ್ಷಿಸುತ್ತಿದ್ದನು.

‘ಫಾಮ್’ ಸಮೃದ್ಧಿಯ ಕೃತಿ: ಮಾಗಿದ ಹಣ್ಣಿನ ಸವಿಯ ಕೆಳಗೆ, ಓಕ್ ಮರದ ಮೇಲೆ ಬೆಳೆಯುವ, ನಮ್ಮ ಅಡುಗೆಯ ಕಲ್ಲುಹೂವಿನ ವರ್ಗಕ್ಕೇ ಸೇರಿದ ಒಂದು ದ್ರವ್ಯದ ಗಂಭೀರ ವಾಸನೆ. ಆದರೆ ಕಾಲಕ್ರಮೇಣ ಇಂಥ ಸಮೃದ್ಧಿಯೇ ಅವನಿಗೆ ಬೇಸರ ತಂದಿತು. ಸುಗಂಧವು ಮಿಠಾಯಿಯ ಹಾಗೆ ನಾಲಗೆಯನ್ನು ಕೆರಳಿಸಬಾರದೆಂದು, ಒಂದಕ್ಕೊಂದು ಅಡ್ಡಬರುವ ದ್ರವ್ಯಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕೆಂದು ಅವನು ಸಾರತೊಡಗಿದನು. ಈ ಪರಿವರ್ತನೆಯ ಫಲವೇ ವಸ್ತ್ರವಿನ್ಯಾಸಕಾರ ಕ್ರಿಸ್ಚಿಯನ್ ಡಿಯೋರನ ಸಂಸ್ಥೆಗಾಗಿ 1956ರಲ್ಲಿ ರೂಪಿಸಿದ, ಮ್ಯೂಗೆಯ ಪರಿಮಳದ ‘ಡಿಯೋರಿಸ್ಸಿಮೋ’. ಮ್ಯೂಗೆ ಡಿಯೋರನಿಗೆ ಶುಭಶಕುನದ ಹೂವು. ತಾನು ಸಿದ್ಧಪಡಿಸಿದ ಉಡುಪಿನ ಅಂಚಿನೊಳಗೆ ಅದರ ಎಸಳನ್ನು ಹೊಲಿಸುತ್ತಿದ್ದನೆಂದು ಪ್ರತೀತಿ. ರುದ್ನಿಟ್ಸ್ಕಾನಾದರೋ ಗ್ರಾಸ್‌ಗೆ ಸಮೀಪದ ಕಾಬ್ರಿ ಎಂಬ ಗುಡ್ಡದೂರಿನ ತನ್ನ ತೋಟದಲ್ಲಿ ಆ ಗಿಡವನ್ನೇ ನೆಟ್ಟು, ಅರಳಿದ ಹೂವನ್ನು ಎದುರಿಗಿಟ್ಟುಕೊಂಡು ಅಭ್ಯಾಸಮಾಡಿದನು. ರಸಾಯನಶಾಲೆ ಕೊಟ್ಟ ಹೈಡ್ರಾಕ್ಸಿಸಿಟ್ರೊನೆಲಾಲ್ ಎಂಬ ದ್ರವ್ಯದಲ್ಲಿ ಮ್ಯೂಗೆಯ ಮೃದುತ್ವವಿದೆ, ಜೀವವಿಲ್ಲ. ಅದಕ್ಕೆ ಮಲ್ಲಿಗೆಯ ಉಸಿರು, ಹಸಿ ಎಲೆಯ ಚುರುಕು, ಕಾಡಿನ ನೆಲದ ತೇವ ಕೂಡಿದಾಗ ಮಾತ್ರ ಅದು ಹೂವಾಗಿ ತೋರುತ್ತದೆ. ಪ್ರಕೃತಿಯನ್ನು ನಕಲುಮಾಡಿದನೆಂದು ಇದನ್ನು ಹೇಳಿಬಿಡುವುದು ಅನ್ಯಾಯ. ಏನನ್ನು ಬಿಡಬೇಕೆಂಬ ವಿವೇಕ ಇಲ್ಲಿ ಎಷ್ಟು ಕೆಲಸಮಾಡಿದೆಯೆಂದರೆ, ಹೂವಿನ ಪರಿಮಳಕ್ಕಿಂತ ಹೂವಿನ ಭಾವವೇ ಸೀಸೆಯೊಳಗೆ ಬಂದಿದೆ ಎನ್ನಿಸುತ್ತದೆ.

ಹತ್ತು ವರ್ಷಗಳ ತರುವಾಯ, 1966ರಲ್ಲಿ, ಪುರುಷರಿಗೆಂದು ರಚಿಸಿದ ‘ಓ ಸೊವಾಜ್’ನಲ್ಲಿ ಈ ಸಂಯಮ ಇನ್ನೂ ಮುಂದಕ್ಕೆ ಹೋಯಿತು. ನಿಂಬೆ ಜಾತಿಯ ಎಣ್ಣೆಗಳು ಕ್ಷಣಕಾಲ ಮಿನುಗಿ ಆರಿಹೋಗತಕ್ಕವು. ಲಾವಂಚದಂಥವು ತಡವಾಗಿ ತೋರಿ ಬಹುಕಾಲ ನಿಲ್ಲತಕ್ಕವು. ಇವೆರಡರ ನಡುವಣ ತೆರಪನ್ನು ಹೊರೆಯಿಲ್ಲದಂತೆ ತುಂಬುವುದೇ ಸುಗಂಧಕಾರನ ಕಷ್ಟ. ಅಲ್ಲಿ ಅವನು ಹೆಡಿಯೋನ್ ಎಂಬ ಹೊಸ ದ್ರವ್ಯವನ್ನು ಬಳಸಿದನು. ಮಲ್ಲಿಗೆಯ ಛಾಯೆಯುಳ್ಳ ಇದರ ಸ್ವಂತ ವಾಸನೆ ಅತಿ ಮಂದ. ಆದರೆ ಇದು ಸೇರಿದೊಡನೆ ಉಳಿದವುಗಳ ನಡುವೆ ಗಾಳಿಯಾಡತೊಡಗುತ್ತದೆ. ಗಂಡಸರಿಗೆಂದು ಮಾಡಿದ ಈ ಸುಗಂಧವನ್ನು ಹೆಂಗಸರೂ ಮೆಚ್ಚಿ ಪೂಸಿಕೊಂಡರು.

ರುದ್ನಿಟ್ಸ್ಕಾ 1996ರಲ್ಲಿ ತೀರಿಕೊಂಡನು. ಅವನು ನೆಚ್ಚಿದ ಹೈಡ್ರಾಕ್ಸಿಸಿಟ್ರೊನೆಲಾಲಿಗೂ ಓಕ್ ಮರದ ಆ ಕಲ್ಲುಹೂವಿಗೂ, ಕೆಲವರ ಚರ್ಮಕ್ಕೆ ಒಗ್ಗದ ಕಾರಣ, ಈಗ ಪ್ರಮಾಣದ ಮಿತಿ ವಿಧಿಸಲಾಗಿದೆ. ಆದ್ದರಿಂದ ಹಳೆಯ ಹೆಸರಿನ ಸೀಸೆಯಲ್ಲಿ ಹಳೆಯ ಕೃತಿ ಯಥಾವತ್ತಾಗಿ ಇರುತ್ತದೆಂದು ಹೇಳುವಂತಿಲ್ಲ. ವರ್ಸೈ ನಗರದಲ್ಲಿ 1990ರಲ್ಲಿ ಸ್ಥಾಪಿತವಾದ ಓಸ್ಮೋತೆಕ್ ಎಂಬ ಭಂಡಾರದಲ್ಲಿ ಪೂರ್ವದ ಸುಗಂಧಗಳನ್ನು ಮೂಲಸೂತ್ರದಂತೆ ಮತ್ತೆ ತಯಾರಿಸಿ, ಬೆಳಕು ಸೋಕದಂತೆ, ಆರ್ಗಾನ್ ಅನಿಲದ ಹೊದಿಕೆಯಲ್ಲಿ, 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡುತ್ತಾರೆ. ಗ್ರಂಥಾಲಯದಷ್ಟೇ ಅವಶ್ಯವಾದ ಸಂಸ್ಥೆ ಇದೆಂದು ನನ್ನ ಅಭಿಪ್ರಾಯ.