ಎದೆಗೂಡಿನಲ್ಲಿ ಹಾಲು

ಸಿರಿಗೆರೆಯ ನಮ್ಮ ನೆರೆಮನೆಯ ಎಂಟು ತಿಂಗಳ ಕೂಸಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಹೃದಯ ಸರಿಹೋಯಿತೆಂದು ವೈದ್ಯರು ಹೇಳಿದರು. ಕೂಸು ಮತ್ತೆ ತಾಯಿಯ ಹಾಲು ಕುಡಿಯತೊಡಗಿದ ಎರಡು ದಿನಕ್ಕೆ, ಎದೆಗೆ ಇಳಿಬಿಟ್ಟಿದ್ದ ಕೊಳವೆಯಲ್ಲಿ ತಿಳಿಯಾಗಿ ಬರುತ್ತಿದ್ದ ದ್ರವ ಬೆಳ್ಳಗಾಯಿತು. ಅಜ್ಜಿ ಗಾಬರಿಯಿಂದ ನನಗೆ ಫೋನು ಮಾಡಿದರು: “ಮೇಷ್ಟ್ರೇ, ಕುಡಿದ ಹಾಲು ಎದೆಗೂಡಿಗೆ ಹೋಗೈತಂತೆ. ಹಂಗೂ ಆಗ್ತೈತಾ?”

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಆ ಪ್ರಶ್ನೆಯ ಅರ್ಧ ಉತ್ತರ ನಮ್ಮ ನುಡಿಯಲ್ಲಿಯೇ ಇತ್ತು. ಇಂಗ್ಲಿಷಿನ ‘ಲಿಂಫ್’ ತಿಳಿನೀರೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ಕನ್ನಡದಲ್ಲಿ ವಿಜ್ಞಾನ ಬರೆದವರು ಅದನ್ನು ದುಗ್ಧರಸವೆಂದು ಕರೆದರು. ದುಗ್ಧವೆಂದರೆ ಹಾಲು. ಎರಡು ಹೆಸರುಗಳೂ ನಿಜವೇ. ಕೈಕಾಲುಗಳಿಂದ ಬರುವಾಗ ಈ ರಸ ತಿಳಿಯಾಗಿರುತ್ತದೆ; ಉಂಡ ಮೇಲೆ ಕರುಳಿನಿಂದ ಬರುವಾಗ ಜಿಡ್ಡನ್ನು ಹೊತ್ತು ಹಾಲಿನಂತೆ ಬಿಳುಪಾಗುತ್ತದೆ.

1622ರಲ್ಲಿ ಇಟಲಿಯ ಗಾಸ್ಪರೋ ಅಸೆಲ್ಲಿ, ಆಗತಾನೆ ಆಹಾರ ತಿಂದಿದ್ದ ನಾಯಿಯೊಂದರ ಉದರವನ್ನು ಸೀಳಿ ನೋಡಿದಾಗ ಬಿಳಿಯ ಎಳೆಗಳು ಕಂಡುವು. ನರಗಳೆಂದು ಬಗೆದು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಚಿಮ್ಮಿತು. ಆ ಹರಿವು ನಾಳವೊಂದರ ಮೂಲಕ ಕೊರಳ ಬಳಿಯ ರಕ್ತನಾಳವನ್ನು ಸೇರುವುದೆಂದು ಫ್ರಾನ್ಸಿನ ಜ್ಯಾಂ ಪೆಕೆ 1651ರಲ್ಲಿ ತೋರಿಸಿದ.

ಈ ನಾಳ ಬೆನ್ನುಮೂಳೆಯನ್ನು ಅನುಸರಿಸಿ, ಎದೆಗೂಡಿನೊಳಗೆ ಮೇಲೇರಿ, ಎಡಗೊರಳಿನ ಬುಡದಲ್ಲಿ ಅಭಿಧಮನಿಗೆ ಕೂಡುತ್ತದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು ಎರಡು ಲೀಟರು ರಸ ಇದರಲ್ಲಿ ಹರಿಯುತ್ತದೆ. ಇದರ ಗೋಡೆ ಬಹಳ ತೆಳು. ಶಸ್ತ್ರಚಿಕಿತ್ಸೆಗೆ ಮುನ್ನ ಮಗುವನ್ನು ಉಪವಾಸ ಇರಿಸುವುದರಿಂದ ಆಗ ಒಳಗಿನ ರಸವೂ ನೀರಿನಂತಿದ್ದು, ನಾಳವಾಗಲಿ ಅದರ ಕವಲುಗಳಾಗಲಿ ಎಷ್ಟು ನುರಿತ ಕಣ್ಣಿಗೂ ಸುಲಭವಾಗಿ ಕಾಣವು. ಎಲ್ಲಿಯಾದರೂ ಗಾಯವಾಗಿದ್ದರೆ ಅದು ಗೊತ್ತಾಗುವುದು ಮಗು ಹಾಲು ಕುಡಿದ ಮೇಲೆಯೇ. ವೈದ್ಯರು ಇದನ್ನು ಕೈಲೋಥೋರಾಕ್ಸ್ ಎನ್ನುತ್ತಾರೆ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ನಂತರ ನೂರರಲ್ಲಿ ಎರಡರಿಂದ ಐದು ಮಂದಿಗೆ ಹೀಗಾಗುವುದುಂಟು. ಅದು ಕೀವಲ್ಲ, ಹೃದಯದ ರಿಪೇರಿ ಕೆಟ್ಟಿತೆಂದೂ ಅರ್ಥವಲ್ಲ. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ. ಸೋರಿಹೋಗುವ ರಸದೊಡನೆ ಪ್ರೋಟೀನು, ಜಿಡ್ಡು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇವೆಲ್ಲ ಹೋಗುತ್ತವೆ, ಕೂಸು ಬಡವಾಗುತ್ತದೆ.

ನಾಳಕ್ಕೆ ಗಾಯವಾಗದೆಯೂ ತೊಡಕು ಬರಬಹುದು. 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, ಹಿನ್ನೀರು ಹೊಸದುರ್ಗದ ಕಡೆಯ ತೋಟಗಳಿಗೆ ನುಗ್ಗಿದ್ದನ್ನು ನೆನೆಯಿರಿ. ಮುಂದೆ ತುಂಬಿದರೆ ಹಿಂದೆ ನಿಲ್ಲುತ್ತದೆ. ಹೃದಯದ ಒಂದು ಕೆಳಕೋಣೆ ಬೆಳೆಯದೆ ಹುಟ್ಟಿದ ಮಕ್ಕಳಿಗೆ ಫ್ರಾನ್ಸಿಸ್ ಫಾಂಟಾನ್ 1968ರಲ್ಲಿ ಆರಂಭಿಸಿದ ಶಸ್ತ್ರಕ್ರಿಯೆ ಬದುಕು ಕೊಟ್ಟಿದೆ. ಆದರೆ ಅದರಲ್ಲಿ ಅಶುದ್ಧರಕ್ತ ಕೆಳಕೋಣೆಯ ನೂಕುಬಲವಿಲ್ಲದೆ ಶ್ವಾಸಕೋಶಕ್ಕೆ ಹರಿಯಬೇಕಾದುದರಿಂದ ಅಭಿಧಮನಿಗಳಲ್ಲಿ ಒತ್ತಡ ಸದಾ ಏರಿರುತ್ತದೆ. ದುಗ್ಧರಸ ಹಿಂದೆ ನಿಂತು, ಕೆಲವರಲ್ಲಿ ವರ್ಷಗಳ ಮೇಲೆ ಕರುಳಿಗೆ ಒಸರುತ್ತದೆ. ಪ್ರೋಟೀನು ನಷ್ಟವಾಗಿ ಹೊಟ್ಟೆ, ಕಾಲು ಊದುತ್ತವೆ. ಮತ್ತೆ ಕೆಲವರಲ್ಲಿ ಶ್ವಾಸನಾಳದೊಳಗೆ ಒಸರಿ ಗಟ್ಟಿಯಾಗಿ, ಕೆಮ್ಮಿದಾಗ ಮರದ ಕೊಂಬೆಯಂಥ ಅಚ್ಚು ಹೊರಬೀಳುತ್ತದೆ.

ಕೂಸಿನ ಸೋರಿಕೆಗೆ ಮೊದಲ ಮದ್ದು ಪಥ್ಯ. ಸಾಮಾನ್ಯ ಜಿಡ್ಡೆಲ್ಲ ದುಗ್ಧನಾಳವನ್ನೇ ಹಿಡಿಯುತ್ತದೆ. ತೆಂಗಿನೆಣ್ಣೆಯಿಂದ ಬೇರ್ಪಡಿಸಿದ ಒಂದು ಬಗೆಯ ಲಘು ಜಿಡ್ಡು ಮಾತ್ರ ಕರುಳಿನಿಂದ ರಕ್ತದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅದನ್ನೇ ಕೊಟ್ಟರೆ ನಾಳದಲ್ಲಿ ಹರಿವು ತಗ್ಗಿ ಗಾಯ ಮಾಯಲು ಬಿಡುವು ಸಿಗುತ್ತದೆ. ತೆಂಗಿನ ಸೀಮೆಯವರಾದ ನಾವು ಮನೆಯ ಕೊಬ್ಬರಿ ಎಣ್ಣೆಯೇ ಸಾಕೆಂದು ಬಗೆಯಬಾರದು. ಅದರಲ್ಲಿ ಬೇರೆ ಜಿಡ್ಡೇ ಹೆಚ್ಚು. ತಾಯಿಯ ಹಾಲನ್ನೂ, ಮೊಸರು ಕಡೆದು ಬೆಣ್ಣೆ ತೆಗೆಯುವಂತೆ, ಯಂತ್ರದಲ್ಲಿ ತಿರುಗಿಸಿ ಕೆನೆ ತೆಗೆದು ಕೊಡುವುದುಂಟು. ಪಥ್ಯ ಸಾಲದಿದ್ದರೆ ರಕ್ತನಾಳದ ಮೂಲಕ ಪೋಷಣೆ, ಔಷಧಿ, ನಾಳವನ್ನು ಕಟ್ಟುವ ಶಸ್ತ್ರಕ್ರಿಯೆ, ಸೋರುವ ಜಾಗವನ್ನು ಸೂಕ್ಷ್ಮ ಕೊಳವೆಯಿಂದ ಮುಚ್ಚುವ ಹೊಸ ವಿಧಾನ ಇವೆ.

ಈ ಪಥ್ಯ ವಾರಗಟ್ಟಲೆ ನಡೆಯಬೇಕು. ಆಸ್ಪತ್ರೆಯಲ್ಲಿ ಅದು ಸುಲಭ, ಕಷ್ಟ ಮನೆಯಲ್ಲಿ. ಸೊರಗಿದ ಮೊಮ್ಮಗುವಿನ ರಾಗಿ ಸರಿಗೆ ಒಂದು ಚಮಚ ತುಪ್ಪ ಬಿಡಬಾರದೆಂದರೆ ಯಾವ ಅಜ್ಜಿಯ ಮನಸ್ಸು ಒಪ್ಪೀತು? ಆದರೆ ಆ ಒಂದು ಚಮಚದಿಂದ ಆರುತ್ತಿರುವ ಸೋರಿಕೆ ಮರುಕಳಿಸಬಹುದು. ಮನೆಗೆ ಬಂದ ಮೇಲೆ ಮಗು ಏದುಸಿರು ಬಿಟ್ಟರೆ, ಹಾಲು ಬಿಟ್ಟರೆ, ತಡಮಾಡದೆ ಮರಳಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಇಷ್ಟನ್ನೂ ನಾನು ನೆರೆಮನೆಯ ಅಜ್ಜಿಗೆ ವಿವರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರೆ ತಾಯಿ ಹಾಲಿಂದು ತಪ್ಪಿಲ್ಲ” ಎಂದರು. ಮಗಳು ಅಷ್ಟು ದಿನವೂ ಅದೇ ಅಳುಕಿನಲ್ಲಿದ್ದಳೆಂದು ನನಗೆ ತಿಳಿದದ್ದು ಆಗಲೇ. ಕೂಸು ಊರಿಗೆ ಬಂದ ದಿನ ಅಜ್ಜಿ ತುಪ್ಪದ ಭರಣಿಯನ್ನು ತಾವೇ ಅಟ್ಟಕ್ಕೇರಿಸಿದರು. ವೈದ್ಯರು ಹೇಳುವವರೆಗೂ ಅದನ್ನು ಇಳಿಸಲಿಲ್ಲ.